ಚಳಿಗಾಲದ ಸ್ಪ್ಯಾರೋಹಾಕ್ ಗುರುತಿಸುವುದು ಹೇಗೆ? ಶಿಕ್ರಾ, ಬೆಸ್ರಾ ಜೊತೆ ಗೊಂದಲವಾಗದಂತೆ ಹಂತ ಹಂತದ ಮಾರ್ಗದರ್ಶಿ

ನವೆಂಬರ್ ಬಂತೆಂದರೆ ಹಕ್ಕಿ ನೋಡುವವರ ನಡುವೆ ಒಂದೇ ಥರದ ಫೋಟೊಗಳು ಓಡಾಡಲು ಶುರುವಾಗುತ್ತವೆ. ಕಂದು ಬೆನ್ನು, ಗೀಟು ಬಿದ್ದ ಎದೆ, ಹಳದಿ ಕಣ್ಣು. ಕೆಳಗೆ 'ಸ್ಪ್ಯಾರೋಹಾಕ್ ಸಿಕ್ಕಿತು' ಎಂಬ ಸಾಲು. ಸ್ವಲ್ಪ ದೊಡ್ಡದು ಮಾಡಿ ನೋಡಿದರೆ ಅವುಗಳಲ್ಲಿ ಹೆಚ್ಚಿನವು ಶಿಕ್ರಾದ ಎಳೆಯ ಹಕ್ಕಿಗಳು. ಸ್ಪ್ಯಾರೋಹಾಕ್, ಶಿಕ್ರಾ, ಬೆಸ್ರಾ ಮೂರೂ ಸಣ್ಣ ಗಿಡುಗಗಳೇ: ಮೊದಲನೆಯದು ಚಳಿಗಾಲಕ್ಕೆ ಬರುವ ವಲಸೆ ಹಕ್ಕಿ, ಶಿಕ್ರಾ ವರ್ಷವಿಡೀ ಇಲ್ಲಿರುವುದು, ಬೆಸ್ರಾ ಘಟ್ಟದ ದಟ್ಟ ಕಾಡಿನದು.

ಹೀಗೆ ಎಡವುವವರು ಹೊಸಬರು ಮಾತ್ರ ಅಲ್ಲ. ಲಕ್ಷಣಗಳೇನೋ ಎಲ್ಲರಿಗೂ ಗೊತ್ತಿರುತ್ತವೆ. ಅವನ್ನು ನೋಡುವ ಕ್ರಮ ತಪ್ಪಿರುತ್ತದೆ. ಮೊದಲು ಗಾತ್ರ, ಆಮೇಲೆ ಬಣ್ಣ, ಕೊನೆಗೆ ಪುಸ್ತಕದ ಚಿತ್ರ: ಈ ದಾರಿಯಲ್ಲಿ ಹೋದರೆ ಪ್ರತಿ ಸಲವೂ ಅಲ್ಲೇ ಸಿಕ್ಕಿಕೊಳ್ಳುತ್ತೀರಿ. ಇಲ್ಲಿರುವ ಕ್ರಮ ಬೇರೆ. ಕರ್ನಾಟಕದಲ್ಲಿ ಕಂಡ ಪ್ರತಿ ಸಣ್ಣ ಗಿಡುಗವನ್ನೂ ಮೊದಲು ಶಿಕ್ರಾ ಎಂದೇ ಹಿಡಿಯಿರಿ. ಅದು ಶಿಕ್ರಾ ಅಲ್ಲ ಎನ್ನಲು ಗಟ್ಟಿ ಕಾರಣ ಸಿಕ್ಕಿದ ಮೇಲೆ ಮಾತ್ರ ಮುಂದಕ್ಕೆ ಹೋಗಿ.

## ಹಂತ 1: ಬೇಕಾದ ಸಾಮಾನು

8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ) ಬೈನಾಕ್ಯುಲರ್ ಸಾಕು. 10x ಇದ್ದರೆ ದೂರಕ್ಕೆ ಒಳ್ಳೆಯದು, ಆದರೆ ಮರಗಳ ನಡುವೆ ಸರ್ರನೆ ಹಾಯುವ ಹಕ್ಕಿಯನ್ನು ಹಿಡಿಯಲು 8x ಸುಲಭ.

ಕ್ಯಾಮೆರಾ ಇದ್ದರೆ, ಒಂದರ ಹಿಂದೊಂದು ಚಿತ್ರ ತೆಗೆಯುವ ಬರ್ಸ್ಟ್ ಮೋಡ್‌ನಲ್ಲಿಡಿ. ಶಟರ್ ವೇಗ 1/2000 ಸೆಕೆಂಡಿನ ಹತ್ತಿರ ಇರಲಿ. ಇಲ್ಲಿ ಚಂದದ ಫೋಟೊ ಬೇಕಾಗಿಲ್ಲ. ರೆಕ್ಕೆ ಪೂರ್ತಿ ಬಿಚ್ಚಿದ ಒಂದು ಚಿತ್ರ, ಗಂಟಲು ಕಾಣುವ ಒಂದು ಚಿತ್ರ, ಕಾಲು ಕಾಣುವ ಒಂದು ಚಿತ್ರ ಬೇಕು. ಮಸುಕಾಗಿದ್ದರೂ ನಡೆಯುತ್ತದೆ. ಮುಖದ ಹತ್ತಾರು ಕ್ಲೋಸಪ್‌ಗಿಂತ ಈ ಮೂರೇ ಜಾಸ್ತಿ ಕೆಲಸಕ್ಕೆ ಬರುತ್ತವೆ.

ಜೇಬಿನಲ್ಲೊಂದು ಪುಟ್ಟ ನೋಟ್‌ಬುಕ್ ಇರಲಿ. ಮೊಬೈಲ್‌ನಲ್ಲಿ ಹಕ್ಕಿ ಗುರುತಿಸುವ ಮರ್ಲಿನ್ ಥರದ ಆ್ಯಪ್ ಇದ್ದರೂ ಪರವಾಗಿಲ್ಲ, ಆದರೆ ಈ ಗುಂಪಿನ ಹಕ್ಕಿಗಳ ವಿಷಯದಲ್ಲಿ ಅದು ಕೊಡುವ ಹೆಸರನ್ನು ಸುಳಿವು ಎಂದಷ್ಟೇ ನೋಡಿ, ಸಾಕ್ಷಿ ಎಂದಲ್ಲ.

## ಹಂತ 2: ಅದು ಗಿಡುಗ ಹೌದಾ?

ಬೇರೆ ಹಕ್ಕಿಗಳನ್ನು ಗಿಡುಗ ಎಂದುಕೊಳ್ಳುವುದು ನಾವು ನೆನೆಸುವುದಕ್ಕಿಂತ ಜಾಸ್ತಿ. ನಾವು ಹುಡುಕುವ ಗಿಡುಗಕ್ಕೆ ರೆಕ್ಕೆ ಗಿಡ್ಡ ಮತ್ತು ಅಗಲ, ತುದಿ ಮೊಂಡು. ಬಾಲ ಉದ್ದ. ನಾಲ್ಕೈದು ಸಲ ಬೇಗ ಬೇಗ ರೆಕ್ಕೆ ಬಡಿದು, ಸ್ವಲ್ಪ ತೇಲಿ, ಮತ್ತೆ ಬಡಿಯುತ್ತದೆ. ಹೀಗಿಲ್ಲದಿದ್ದರೆ ಕೆಳಗಿನವುಗಳಲ್ಲಿ ಯಾವುದು ಎಂದು ನೋಡಿ.

ರೆಕ್ಕೆಯ ತುದಿ ಚೂಪಾಗಿ, ಕಣ್ಣು ಕಪ್ಪಾಗಿದ್ದರೆ ಅದು ಫಾಲ್ಕನ್ ಗುಂಪಿನದು. ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುತ್ತಾ ಹುಲ್ಲಿನತ್ತ ನೋಡುತ್ತಿದ್ದರೆ ಬಹುಪಾಲು ಕೆಸ್ಟ್ರೆಲ್. ಅದೂ ಹೆಚ್ಚಾಗಿ ಚಳಿಗಾಲದ ಅತಿಥಿಯೇ.

ಬಯಲಿನ ಮೇಲೆ ತೀರಾ ಕೆಳಗೆ, ಉದ್ದ ರೆಕ್ಕೆಗಳನ್ನು ಮೇಲೆತ್ತಿ ಹಿಡಿದು ಓಲಾಡುತ್ತಾ ಹೋಗುವುದು ಹ್ಯಾರಿಯರ್. ಹೆಸರಘಟ್ಟದಂಥ ಹುಲ್ಲುಗಾವಲಿನಲ್ಲಿ ಇದು ಮಾಮೂಲಿ ನೋಟ.

ಜಾಸ್ತಿ ಮೋಸ ಮಾಡುವುದು ಹಾಕ್-ಕಕೂ, ಬೇಸಿಗೆಯಲ್ಲಿ 'ಬ್ರೈನ್ ಫೀವರ್' ಎಂದು ಕೂಗುತ್ತಲೇ ಇರುತ್ತದಲ್ಲ, ಅದು. ಬೂದು ಬೆನ್ನು, ಪಟ್ಟೆ ಬಾಲ, ಹಾರುವ ರೀತಿ ಎಲ್ಲ ಶಿಕ್ರಾದ್ದೇ. ಕೂತಾಗ ಕೊಕ್ಕು ನೋಡಿ. ಗಿಡುಗದ ಕೊಕ್ಕು ಬುಡದಿಂದಲೇ ಕೆಳಕ್ಕೆ ಬಾಗಿರುತ್ತದೆ, ಇದರದ್ದು ಹೆಚ್ಚುಕಡಿಮೆ ನೇರ. ಕಣ್ಣಿನ ಸುತ್ತ ಹಳದಿ ಬಳೆ ಇರುತ್ತದೆ. ಕಾಲು ಗಿಡ್ಡ, ಬೇಟೆಯಾಡುವ ಉಗುರು ಇಲ್ಲ.

## ಹಂತ 3: ತಾರೀಕು ನೋಡಿ

ನಾವು ಸ್ಪ್ಯಾರೋಹಾಕ್ ಎನ್ನುತ್ತಿರುವ ಹಕ್ಕಿಯ ಪೂರ್ತಿ ಹೆಸರು ಯುರೇಷಿಯನ್ ಸ್ಪ್ಯಾರೋಹಾಕ್. ಅದು ಇಲ್ಲಿ ಗೂಡು ಕಟ್ಟುವುದಿಲ್ಲ. ಹಿಮಾಲಯದಲ್ಲಿ ಅದರ ಒಂದು ಉಪಜಾತಿ ಮರಿ ಮಾಡುತ್ತದೆ, ಮಧ್ಯ ಏಷ್ಯಾ ಮತ್ತು ಸೈಬೀರಿಯಾ ಕಡೆ ಇನ್ನೊಂದು. ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುವ ಹಕ್ಕಿಗಳು ಅಕ್ಟೋಬರ್ ಹೊತ್ತಿಗೆ ಕಾಣಿಸಿಕೊಂಡು ಮಾರ್ಚ್ ಆಸುಪಾಸಿನಲ್ಲಿ ಹೊರಡುತ್ತವೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಹುಡುಕಲು ಒಳ್ಳೆಯ ಕಾಲ.

ಶಿಕ್ರಾ ಹಾಗಲ್ಲ. ವರ್ಷವಿಡೀ ಇಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಮರಿ ಮಾಡುತ್ತದೆ. ಗೂಡು ಬಿಟ್ಟ ಮರಿಗಳು ಮಳೆಗಾಲ ಮುಗಿಯುವಷ್ಟರಲ್ಲಿ ಸ್ವಂತವಾಗಿ ಬೇಟೆಯಾಡುತ್ತಾ ಎಲ್ಲೆಲ್ಲೂ ಚದುರಿರುತ್ತವೆ. ಅಂದರೆ ಸ್ಪ್ಯಾರೋಹಾಕ್ ಬಂದಿಳಿಯುವ ಹೊತ್ತಿಗೆ ಸರಿಯಾಗಿ ಕಂದು ಬೆನ್ನಿನ, ಗೀಟು ಎದೆಯ ಎಳೆಯ ಶಿಕ್ರಾಗಳು ನಮ್ಮೂರ ತುಂಬ ಇರುತ್ತವೆ. ಗೊಂದಲದ ಮೂಲ ಇದೇ.

ಎಚ್ಚರಿಕೆಯ ಸೂಚನೆ: ಮೇ, ಜೂನ್, ಜುಲೈನಲ್ಲಿ ಕಂಡದ್ದು, ಗೂಡಿನ ಮೇಲೆ ಕೂತದ್ದು, ಮರಿಗೆ ಉಣಿಸುತ್ತಿರುವುದು: ಇವು ಯಾವುವೂ ನಮ್ಮ ರಾಜ್ಯದಲ್ಲಿ ಯುರೇಷಿಯನ್ ಸ್ಪ್ಯಾರೋಹಾಕ್ ಅಲ್ಲ.

## ಹಂತ 4: ಜಾಗ ಓದುವುದು

ಸ್ಪ್ಯಾರೋಹಾಕ್ ಬದುಕುವುದು ಸಣ್ಣ ಹಕ್ಕಿಗಳನ್ನು ಹಿಡಿದು. ಅದೂ ಬೆನ್ನಟ್ಟಿ ದಣಿಸಿ ಅಲ್ಲ, ಮರೆಯಿಂದ ಹಠಾತ್ತನೆ ಮೇಲೆರಗಿ. ಆದ್ದರಿಂದ ಅದಕ್ಕೆ ಎರಡು ಒಟ್ಟಿಗೆ ಬೇಕು: ಅಡಗಲು ಮರ, ಪಕ್ಕದಲ್ಲೇ ಸಣ್ಣ ಹಕ್ಕಿಗಳು ಮೇಯುವ ತೆರೆದ ಜಾಗ. ದಟ್ಟ ಕಾಡಿನ ಒಳಗೆ ಹೋಗಿ ಹುಡುಕುವುದಕ್ಕಿಂತ ಕಾಡಿನ ಅಂಚು ಮೇಲು.

ಹೀಗೆ ಯೋಚಿಸಿದರೆ ಜಾಗಗಳು ತಾವಾಗಿಯೇ ಹೊಳೆಯುತ್ತವೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ ಗದ್ದೆಗೆ ಸೇರುವ ಅಂಚು. ಮಲೆನಾಡಿನಲ್ಲಿ ಕಾಡಿಗೂ ಹುಲ್ಲು ಬೆಟ್ಟಕ್ಕೂ ನಡುವಿನ ಸೆರಗು. ಬಯಲುಸೀಮೆಯಲ್ಲಿ ನೀಲಗಿರಿ ತೋಪಿಗೆ ಅಂಟಿಕೊಂಡ ರಾಗಿ ಹೊಲ. ಕೆರೆಯ ಹಿಂಬದಿಯ ಜಾಲಿ ಪೊದೆ. ಬೆಂಗಳೂರಿನವರಿಗೆ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಥರದ, ಹೊಲವೂ ತೋಪೂ ಬೆರೆತ ಆವರಣ. ಕೊಯ್ಲಾದ ರಾಗಿ ಹೊಲಕ್ಕೆ ಮುನಿಯಾ, ಗುಬ್ಬಿಗಳು ಹಿಂಡುಹಿಂಡಾಗಿ ಇಳಿಯುವ ಕಾಲಕ್ಕೇ ಸ್ಪ್ಯಾರೋಹಾಕ್ ಕೂಡ ಇರುತ್ತದೆ. ಅಂಥ ಹೊಲದ ಬದುವಿನ ಮರಗಳನ್ನು ಬಿಡದೆ ನೋಡಿ.

ಶಿಕ್ರಾಗೆ ಇಷ್ಟೆಲ್ಲ ಬೇಡಿಕೆ ಇಲ್ಲ. ಲಾಲ್‌ಬಾಗ್, ಬಸ್‌ಸ್ಟ್ಯಾಂಡ್ ಹಿಂದಿನ ಮಳೆಮರ, ಅಪಾರ್ಟ್‌ಮೆಂಟಿನ ಟೆರೇಸ್, ಎಲ್ಲೂ ಆಗುತ್ತದೆ. ಊರೊಳಗಿನ ವಿದ್ಯುತ್ ತಂತಿಯ ಮೇಲೆ ಬಯಲಾಗಿ ಕೂತ ಸಣ್ಣ ಗಿಡುಗ ಹೆಚ್ಚಿನ ಮಟ್ಟಿಗೆ ಶಿಕ್ರಾ. ಬೆಸ್ರಾ ಇದಕ್ಕೆ ತದ್ವಿರುದ್ಧ, ಅದಕ್ಕೆ ಪಶ್ಚಿಮ ಘಟ್ಟದ ದಟ್ಟ, ತಂಪಾದ ಕಾಡು ಬೇಕು.

ಜಾಗವೊಂದನ್ನೇ ನೆಚ್ಚಿಕೊಂಡು ಹೆಸರು ಹೇಳಬೇಡಿ. ಕಾಫಿ ತೋಟದ ಅಂಚಿನಲ್ಲಿ ಮೂರೂ ಜಾತಿ ಸಿಗಬಹುದು.

## ಹಂತ 5: ಎಲ್ಲಿ, ಯಾವಾಗ ನಿಲ್ಲಬೇಕು

ಅಲೆದಾಡಬೇಡಿ. ಈ ಹಕ್ಕಿ ನಿಮ್ಮನ್ನು ನೀವು ಅದನ್ನು ನೋಡುವ ಮುಂಚೆಯೇ ನೋಡಿರುತ್ತದೆ. ಬಯಲಿಗೆ ಮುಖ ಮಾಡಿ, ಸೂರ್ಯ ಬೆನ್ನಿಗಿರುವಂತೆ, ಮರದ ನೆರಳಲ್ಲಿ ಕೂತುಬಿಡಿ. ಬೆಳಕಿಗೆ ಎದುರಾಗಿ ನಿಂತರೆ ಹಕ್ಕಿ ಬರೀ ಕಪ್ಪು ಆಕಾರವಾಗಿ ಕಾಣುತ್ತದೆ. ಆಗ ಮುಂದಿನ ಯಾವ ಹಂತವೂ ಸಾಗುವುದಿಲ್ಲ.

ಬೆಳಗಿನ ಮೊದಲ ಎರಡು ಗಂಟೆ ಬೇಟೆಯ ಹೊತ್ತು. ಆಗ ಕಣ್ಣಿಗಿಂತ ಕಿವಿ ಮುಖ್ಯ. ಪಿಕಳಾರಗಳ ಗಲಾಟೆ ಒಮ್ಮೆಲೇ ನಿಂತುಹೋಗುತ್ತದೆ, ಅಳಿಲು ಒಂದೇ ಸಮ ಚಿರ್‌ಗುಟ್ಟುತ್ತದೆ, ಕಾಜಾಣ ಮರದಿಂದ ನುಗ್ಗಿ ಏನನ್ನೋ ಅಟ್ಟಿಸಿಕೊಂಡು ಹೋಗುತ್ತದೆ. ಕಾಜಾಣ ಅಟ್ಟುವ ದಿಕ್ಕಿಗೆ ಬೈನಾಕ್ಯುಲರ್ ಎತ್ತಿ.

ಒಂಬತ್ತೂವರೆ, ಹತ್ತು ಗಂಟೆಗೆ ನೆಲ ಕಾದು ಬಿಸಿಗಾಳಿ ಏಳುತ್ತದೆ. ಆಗ ಗಿಡುಗಗಳು ರೆಕ್ಕೆ ಬಿಚ್ಚಿ ಸುತ್ತು ಹಾಕುತ್ತಾ ಮೇಲೇರುತ್ತವೆ. ರೆಕ್ಕೆಯ ಫೋಟೊ ಸಿಗುವುದು ಈ ಹೊತ್ತಿನಲ್ಲೇ. ಎಷ್ಟೋ ಜನ ಬೆಳಗಿನ ಸುತ್ತು ಮುಗಿಸಿ ತಿಂಡಿಗೆ ಹೊರಡುವುದೂ ಇದೇ ಹೊತ್ತಿಗೆ. ಇನ್ನೊಂದು ಗಂಟೆ ಕಾಯಿರಿ.

ಕೂಗಿನ ಮೇಲೆ ಭರವಸೆ ಇಡಬೇಡಿ. ಸ್ಪ್ಯಾರೋಹಾಕ್ ಚಳಿಗಾಲದಲ್ಲಿ ಹೆಚ್ಚಾಗಿ ಮೌನಿ. 'ಟಿಟ್ಯೂ, ಟಿಟ್ಯೂ' ಎಂಬ ಕೂಗು ಶಿಕ್ರಾದ್ದು. ಕಾಜಾಣಗಳು ಅದನ್ನೂ ಅಚ್ಚುಕಟ್ಟಾಗಿ ಅನುಕರಿಸುತ್ತವೆ, ಹಾಗಾಗಿ ಕೂಗು ಕೇಳಿ ಶಿಕ್ರಾ ಎಂದು ಬರೆಯುವುದೂ ಅಪಾಯ.

## ಹಂತ 6: ಕೂತ ಹಕ್ಕಿ – ಗಂಟಲು, ಎದೆ, ಕಾಲು

ಈ ಮೂರನ್ನೂ ಇದೇ ಕ್ರಮದಲ್ಲಿ ನೋಡಿ. ಕಣ್ಣಿನ ಬಣ್ಣ, ಬೆನ್ನಿನ ಬಣ್ಣ ಆಮೇಲೆ.

ಗಂಟಲು. ಕೊಕ್ಕಿನ ಕೆಳಗೆ ನಟ್ಟನಡುವೆ ಒಂದು ಕಪ್ಪು ಗೆರೆ ಇಳಿದಿದೆಯೇ? ಎಳೆಯ ಶಿಕ್ರಾದಲ್ಲಿ ಅದು ಸ್ಪಷ್ಟ, ದೊಡ್ಡ (ಅಂದರೆ ವಯಸ್ಕ) ಶಿಕ್ರಾದಲ್ಲಿ ಮಸುಕಾದ ಬೂದು ಗೆರೆ. ಬೆಸ್ರಾದಲ್ಲಿ ದಪ್ಪ, ಗಾಢ. ಸ್ಪ್ಯಾರೋಹಾಕ್‌ಗೆ ಈ ನಡುಗೆರೆ ಇಲ್ಲ. ಗಂಟಲ ತುಂಬ ಸಣ್ಣ ಸಣ್ಣ ಗೀಟು ಇರಬಹುದು, ಆದರೆ ಎದ್ದು ಕಾಣುವ ಒಂದೇ ಗೆರೆ ಇರುವುದಿಲ್ಲ. ಗೆರೆ ಕಂಡರೆ ಸ್ಪ್ಯಾರೋಹಾಕ್ ಆಸೆ ಅಲ್ಲಿಗೇ ಬಿಡಿ. ಗೆರೆ ಕಾಣಲಿಲ್ಲ ಎಂದ ಮಾತ್ರಕ್ಕೆ ಸ್ಪ್ಯಾರೋಹಾಕ್ ಆಯಿತು ಎಂದೂ ಅಲ್ಲ. ಹಕ್ಕಿ ತಲೆ ತಗ್ಗಿಸಿದ್ದರೆ, ಗಂಟಲಿಗೆ ನೆರಳು ಬಿದ್ದಿದ್ದರೆ ದೊಡ್ಡ ಶಿಕ್ರಾದ ಗೆರೆ ಕಾಣುವುದೇ ಇಲ್ಲ.

ಎದೆ. ಗೆರೆ ಮೇಲಿಂದ ಕೆಳಕ್ಕೋ, ಅಡ್ಡಕ್ಕೋ? ಎಳೆಯ ಶಿಕ್ರಾದ ಎದೆ ಹತ್ತಿರದಿಂದ ನೋಡಿದರೆ ಕಂದು ಬಣ್ಣದ ಹನಿಗಳು ಒಂದರ ಕೆಳಗೊಂದು ಇಳಿದಂತಿರುತ್ತವೆ. ಅವೇ ಸೇರಿ ಉದ್ದಗೆರೆಯಾಗಿ ಕಾಣುತ್ತವೆ. ಪಕ್ಕೆಗೆ ಬಂದಾಗ ಮಾತ್ರ ಸ್ವಲ್ಪ ಅಡ್ಡ ತಿರುಗುತ್ತವೆ. ಎಳೆಯ ಸ್ಪ್ಯಾರೋಹಾಕ್‌ನ ಎದೆಯೂ ಒರಟು, ಗೆರೆಗಳು ಅಲ್ಲಲ್ಲಿ ತುಂಡಾಗಿರುತ್ತವೆ, ಕೆಲವು ಹೃದಯದ ಆಕಾರಕ್ಕೂ ಬರುತ್ತವೆ. ಆದರೂ ಒಟ್ಟು ನೋಟ ಅಡ್ಡಗೆರೆಯದ್ದೇ, ಹೊಟ್ಟೆಯವರೆಗೂ.

ದೊಡ್ಡ ಹಕ್ಕಿಗಳಲ್ಲಿ ಕಷ್ಟ ಜಾಸ್ತಿ. ಯಾಕೆಂದರೆ ದೊಡ್ಡ ಶಿಕ್ರಾಗೂ ಅಡ್ಡಗೆರೆ ಇರುತ್ತದೆ. ಆದರೆ ಅದು ಸಣ್ಣ, ಒತ್ತೊತ್ತು, ಕೆಂಗಂದು. ಸ್ವಲ್ಪ ದೂರ ಸರಿದರೆ ಇಡೀ ಎದೆ ತಿಳಿ ಕಿತ್ತಳೆ ಬಳಿದಂತೆ ಕಾಣುತ್ತದೆ. ಹೆಣ್ಣು ಸ್ಪ್ಯಾರೋಹಾಕ್‌ನಲ್ಲಿ ಬಿಳಿ ಎದೆಯ ಮೇಲೆ ಬೂದುಗಂದು ಗೆರೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಕಣ್ಣಿನ ಮೇಲೆ ಬಿಳಿ ಹುಬ್ಬುಗೆರೆಯೂ ಇರುತ್ತದೆ, ದೊಡ್ಡ ಶಿಕ್ರಾಗೆ ಅದಿಲ್ಲ. ಗಂಡು ಸ್ಪ್ಯಾರೋಹಾಕ್‌ಗೆ ಎದೆಗೆರೆ ಕೆಂಗಂದೇ ಆದರೂ ಬೆನ್ನು ಸ್ಲೇಟಿನ ಗಾಢ ನೀಲಿಬೂದು, ಕೆನ್ನೆಯಲ್ಲೂ ಕೆಂಗಂದು ಬಣ್ಣ ಹರಡಿರುತ್ತದೆ. ಗಂಡು ಶಿಕ್ರಾದ ಬೆನ್ನು ತಿಳಿ ಬೂದಿ, ಕೆನ್ನೆಯೂ ಬೂದು, ಕಣ್ಣು ಕೆಂಪು.

ಕಾಲು. ಇದನ್ನು ಬಹಳ ಜನ ನೋಡುವುದೇ ಇಲ್ಲ. ಸ್ಪ್ಯಾರೋಹಾಕ್‌ನ ಕಾಲು ಉದ್ದ, ತೀರಾ ತೆಳು. ನಡುಬೆರಳು ಉಳಿದ ಬೆರಳುಗಳನ್ನು ಮೀರಿ ಮುಂದಕ್ಕೆ ಚಾಚಿರುತ್ತದೆ. ಹಾರುವ ಹಕ್ಕಿಯನ್ನು ಗಾಳಿಯಲ್ಲೇ ಕಸಿದುಕೊಳ್ಳಲು ಅಂಥ ಕಾಲೇ ಬೇಕು. ಶಿಕ್ರಾದ ಕಾಲು ಗಿಡ್ಡ, ದಪ್ಪ, ಬೆರಳೂ ಮೊಟಕು. ಎರಡು ಜಾತಿಯ ಫೋಟೊ ಅಕ್ಕಪಕ್ಕ ಇಟ್ಟು ಬರೀ ಕಾಲನ್ನೇ ನೋಡಿ ಅಭ್ಯಾಸ ಮಾಡಿಕೊಳ್ಳಿ. ಒಮ್ಮೆ ಕಣ್ಣಿಗೆ ಹತ್ತಿದರೆ ಮತ್ತೆ ಮರೆಯುವುದಿಲ್ಲ. ಬೆಸ್ರಾದ ಕಾಲೂ ತೆಳು ಎಂಬುದು ನೆನಪಿರಲಿ, ಆದ್ದರಿಂದಲೇ ಗಂಟಲು ಮೊದಲು, ಕಾಲು ಆಮೇಲೆ.

## ಹಂತ 7: ಹಾರುವ ಹಕ್ಕಿ – ಬೆರಳು ಎಣಿಸಿ

ರೆಕ್ಕೆ ಪೂರ್ತಿ ಬಿಚ್ಚಿದಾಗ ತುದಿಯ ಉದ್ದ ಗರಿಗಳು ಬಿಡಿಬಿಡಿಯಾಗಿ ಚಾಚುತ್ತವೆ. ಹಕ್ಕಿ ನೋಡುವವರು ಇವನ್ನು ಬೆರಳು ಎನ್ನುತ್ತಾರೆ. ಸ್ಪ್ಯಾರೋಹಾಕ್‌ಗೆ ಆರು ಬೆರಳು. ಶಿಕ್ರಾಗೆ ಐದು, ಬೆಸ್ರಾಗೂ ಐದು. ಒಳ್ಳೆಯ ಒಂದು ಫೋಟೊ ಸಿಕ್ಕರೆ ಇಷ್ಟು ಗಟ್ಟಿ ಸಾಕ್ಷಿ ಇನ್ನೊಂದಿಲ್ಲ.

ಎಣಿಸುವುದು ಹೀಗೆ. ಬರ್ಸ್ಟ್‌ನಲ್ಲಿ ಬಂದ ಚಿತ್ರಗಳಲ್ಲಿ ಹಕ್ಕಿ ತೇಲುತ್ತಿರುವುದನ್ನು ಆರಿಸಿ. ರೆಕ್ಕೆ ಬಡಿಯುತ್ತಿರುವುದು ಬೇಡ, ಆಗ ಗರಿಗಳು ಒಂದರ ಮೇಲೊಂದು ಕೂತಿರುತ್ತವೆ. ಚಿತ್ರ ದೊಡ್ಡದು ಮಾಡಿ. ರೆಕ್ಕೆಯ ಮುಂದಿನ ಅಂಚಿನಲ್ಲಿರುವ ಹೊರಗಿನ ಗರಿಯಿಂದ ಶುರು ಮಾಡಿ. ಅದು ಗಿಡ್ಡವಾಗಿರುತ್ತದೆ, ಬಹಳ ಜನ ಅದನ್ನೇ ಬಿಟ್ಟು ಎಣಿಸಿ ಆರನ್ನು ಐದು ಮಾಡುತ್ತಾರೆ. ತುದಿ ಪಕ್ಕದ ಗರಿಯಿಂದ ಬಿಡಿಸಿಕೊಂಡು ನಿಂತಿರುವ ಪ್ರತಿ ಗರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೊನೆಯ ಬೆರಳಾದ ಮೇಲೆ ರೆಕ್ಕೆಯ ಅಂಚು ನಯವಾಗಿ ಒಳಕ್ಕೆ ತಿರುಗುತ್ತದೆ, ಅಲ್ಲಿ ನಿಲ್ಲಿಸಿ. ಆಮೇಲೆ ಇನ್ನೊಂದು ರೆಕ್ಕೆಯಲ್ಲೂ ಎಣಿಸಿ. ಎರಡೂ ಹೊಂದದಿದ್ದರೆ ಗರಿ ಉದುರಿರಬಹುದು, ಇಲ್ಲವೇ ಅರ್ಧ ಬೆಳೆದಿರಬಹುದು. ಅಂಥ ಚಿತ್ರದಿಂದ ತೀರ್ಮಾನ ಬೇಡ.

ಬೆರಳು ಎಣಿಸಲು ಆಗದಿದ್ದರೆ ರೆಕ್ಕೆಯ ಅಡಿಭಾಗ ನೋಡಿ. ದೊಡ್ಡ ಶಿಕ್ರಾದ್ದು ಬೆಳ್ಳಗೆ, ಬಹುಪಾಲು ಖಾಲಿ, ತುದಿ ಮಾತ್ರ ಕಪ್ಪು. ಸ್ಪ್ಯಾರೋಹಾಕ್‌ನದ್ದು ಒಳಗಿನಿಂದ ತುದಿವರೆಗೂ ಗೆರೆಗಳಿಂದ ತುಂಬಿರುತ್ತದೆ. ಎಳೆಯ ಶಿಕ್ರಾದ ರೆಕ್ಕೆಯಲ್ಲೂ ಗುರುತುಗಳಿರುವುದರಿಂದ ಅದಕ್ಕೆ ಈ ಪರೀಕ್ಷೆ ಒಪ್ಪುವುದಿಲ್ಲ, ಎದೆಗೇ ವಾಪಸ್ ಹೋಗಿ.

ಬಾಲದ ಮೇಲೆ ಸ್ಪ್ಯಾರೋಹಾಕ್‌ಗೆ ನಾಲ್ಕೈದು ಅಗಲ ಪಟ್ಟಿ. ದೊಡ್ಡ ಗಂಡು ಶಿಕ್ರಾ ಬಾಲ ಮಡಚಿಕೊಂಡಾಗ ನಡುಗರಿ ಬರೀ ಬೂದು, ಪಟ್ಟಿಯೇ ಇಲ್ಲದಂತೆ ಕಾಣುತ್ತದೆ. ಮೇಲಿನಿಂದ ಬಾಲ ನೋಡಲು ಸಿಗುವುದು ಅಪರೂಪ. ನಂದಿ ಬೆಟ್ಟದಂಥ ಕಡಿದಾದ ಅಂಚಿನಲ್ಲಿ ನಿಂತರೆ ಹಕ್ಕಿ ನಿಮಗಿಂತ ಕೆಳಗೆ ಹಾರಿದಾಗ ಆ ಅವಕಾಶ ಸಿಗುತ್ತದೆ.

## ಹಂತ 8: ಘಟ್ಟದಲ್ಲಿದ್ದರೆ ಇನ್ನೆರಡು ಹಕ್ಕಿ

ಮಲೆನಾಡಿನಲ್ಲಿ ಶಿಕ್ರಾ ಅಲ್ಲ ಎಂದಾದ ಮೇಲೂ ಕೆಲಸ ಮುಗಿಯುವುದಿಲ್ಲ. ಬೆಸ್ರಾ ಇದೆ. ದಪ್ಪ ಗಂಟಲಗೆರೆ, ಗಾಢ ಬೆನ್ನು, ಎದೆಯ ಮೇಲ್ಭಾಗದಲ್ಲಿ ದಟ್ಟ ಉದ್ದಗೆರೆ ಮತ್ತು ಕೆಳಗೆ ಅಡ್ಡಗೆರೆ, ಬಾಲದಲ್ಲಿ ಅಗಲ ಕಪ್ಪು ಪಟ್ಟಿ. ಐದು ಬೆರಳು.

ಇನ್ನೊಂದು ಕ್ರೆಸ್ಟೆಡ್ ಗಾಸ್‌ಹಾಕ್. ಇದಕ್ಕೂ ಆರು ಬೆರಳು, ಹಾಗಾಗಿ ಬೆರಳೆಣಿಕೆ ಮಾತ್ರ ನಂಬಿದವರು ಇಲ್ಲಿ ಎಡವುತ್ತಾರೆ. ಮೈ ದಪ್ಪ, ತಲೆಯ ಹಿಂದೆ ಪುಟ್ಟ ಜುಟ್ಟು, ಗಂಟಲಲ್ಲಿ ದಪ್ಪ ಗೆರೆ. ಹಾರುವಾಗ ಬಾಲದ ಬುಡದ ಎರಡೂ ಬದಿಯಲ್ಲಿ ಬಿಳಿ ಗರಿ ಉಬ್ಬಿಕೊಂಡು ಕಾಣುತ್ತದೆ. ಆರು ಬೆರಳು ಮತ್ತು ಗಂಟಲಗೆರೆ ಎರಡೂ ಒಟ್ಟಿಗೆ ಇದ್ದರೆ ಇದೇ ಎಂದು ಯೋಚಿಸಿ.

## ಹಂತ 9: ಗಾತ್ರ, ಊಟ – ಕೊನೆಗೆ ಮಾತ್ರ

ಸ್ಪ್ಯಾರೋಹಾಕ್ 28ರಿಂದ 38 ಸೆಂ.ಮೀ., ಶಿಕ್ರಾ 26ರಿಂದ 30 ಸೆಂ.ಮೀ. ಎಂದು ಪುಸ್ತಕ ಹೇಳುತ್ತದೆ. ಇದನ್ನು ಓದಿ 'ದೊಡ್ಡದಾಗಿತ್ತು, ಅದಕ್ಕೇ ಸ್ಪ್ಯಾರೋಹಾಕ್' ಎನ್ನುವವರು ಬಹಳ. ಆದರೆ ಈ ಹಕ್ಕಿಗಳಲ್ಲಿ ಹೆಣ್ಣು ಗಂಡಿಗಿಂತ ಸ್ಪಷ್ಟವಾಗಿ ದೊಡ್ಡದು. ಗಂಡು ಸ್ಪ್ಯಾರೋಹಾಕ್ ಮತ್ತು ಹೆಣ್ಣು ಶಿಕ್ರಾ ಹೆಚ್ಚುಕಡಿಮೆ ಒಂದೇ ಅಳತೆ. ಮರದ ತುದಿಯಲ್ಲಿ ಒಂಟಿಯಾಗಿ ಕೂತ ಹಕ್ಕಿಯ ಅಳತೆ ಹೇಳಲು ಯಾರಿಗೂ ಬರುವುದಿಲ್ಲ. ಪಕ್ಕದಲ್ಲಿ ಕಾಜಾಣವೋ ಗೊರವಂಕವೋ ಇದ್ದರೆ ಮಾತ್ರ ಗಾತ್ರ ಬರೆಯಿರಿ.

ಕಾಲಲ್ಲಿ ಏನಿದೆ ಎಂಬುದು ಅದಕ್ಕಿಂತ ಒಳ್ಳೆಯ ಸುಳಿವು. ಓತಿಕ್ಯಾತ, ಹಲ್ಲಿ, ಮಿಡತೆ ಹಿಡಿದಿದ್ದರೆ ಶಿಕ್ರಾ ಕಡೆಗೆ ವಾಲಿ, ಅದರ ಊಟದಲ್ಲಿ ಇವೇ ಜಾಸ್ತಿ. ಹಕ್ಕಿ ಹಿಡಿದಿದ್ದರೆ ಏನೂ ಹೇಳಲಾಗದು, ಎರಡೂ ಹಿಡಿಯುತ್ತವೆ. ಮರದಡಿಯಲ್ಲಿ ಕಿತ್ತ ಗರಿಗಳು ವೃತ್ತವಾಗಿ ಬಿದ್ದಿದ್ದರೆ ಬುಡ ನೋಡಿ. ಬುಡ ಸಮೇತ ಕಿತ್ತು ಬಂದಿದ್ದರೆ ಗಿಡುಗದ ಕೆಲಸ, ಕಚ್ಚಿ ತುಂಡಾಗಿದ್ದರೆ ಬೆಕ್ಕೋ ಮುಂಗುಸಿಯೋ. ಯಾವ ಗಿಡುಗ ಎಂದು ಆ ಗರಿಗಳಿಂದ ತಿಳಿಯುವುದಿಲ್ಲ, ಆದರೆ ಆ ಮರಕ್ಕೆ ಮತ್ತೆ ಬರುವ ಸಾಧ್ಯತೆ ಇದೆ. ಮರುದಿನ ದೂರದಲ್ಲಿ ಕೂತು ನೋಡಿ.

ರೆಕಾರ್ಡ್ ಮಾಡಿದ ಕೂಗು ಹಾಕಿ, ಆಹಾರ ಇಟ್ಟು ಗಿಡುಗ ಕರೆಯುವ ಕೆಲಸ ದಯವಿಟ್ಟು ಬೇಡ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ಇಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದೇ ದಿನದ ಕೆಲಸ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರಲ್ಲಿ ಗಿಡುಗಗಳಿಗೆ ರಕ್ಷಣೆಯೂ ಇದೆ.

## ಹಂತ 10: ಬರೆದಿಡುವುದು

ಹಕ್ಕಿ ಹಾರಿಹೋದ ಕೂಡಲೇ, ಪುಸ್ತಕ ತೆಗೆಯುವ ಮುಂಚೆ ಬರೆಯಿರಿ. ಪುಸ್ತಕ ನೋಡಿದ ಮೇಲೆ ಕಾಣದೇ ಇದ್ದದ್ದೂ ಕಂಡಂತೆ ಅನ್ನಿಸಲು ಶುರುವಾಗುತ್ತದೆ. ಹೆಸರು ಬೇಡ, ಕಂಡದ್ದು ಸಾಕು. ಉದಾಹರಣೆಗೆ: 'ಡಿಸೆಂಬರ್, ಬೆಳಗ್ಗೆ 9.40, ನೀಲಗಿರಿ ತೋಪಿನ ಅಂಚು, ಪಕ್ಕ ರಾಗಿ ಹೊಲ. ಗಂಟಲಲ್ಲಿ ನಡುಗೆರೆ ಇಲ್ಲ. ಎದೆ, ಹೊಟ್ಟೆ ಪೂರ್ತಿ ಬೂದುಗಂದು ಅಡ್ಡಗೆರೆ. ಬಿಳಿ ಹುಬ್ಬು. ಕಾಲು ತೆಳು. ಎರಡೂ ರೆಕ್ಕೆಯಲ್ಲಿ ಆರು ಬೆರಳು.' ಇಷ್ಟಿದ್ದರೆ ಯಾರು ಓದಿದರೂ ಅದು ಹೆಣ್ಣು ಸ್ಪ್ಯಾರೋಹಾಕ್ ಎನ್ನುತ್ತಾರೆ.

ಹೆಸರಿಗೆ ಕನಿಷ್ಠ ಎರಡು ಬೇರೆ ಬೇರೆ ಲಕ್ಷಣ ಬೇಕು ಎಂಬ ನಿಯಮ ಇಟ್ಟುಕೊಳ್ಳಿ. ಬೆರಳು ಮತ್ತು ಗಂಟಲು, ಅಥವಾ ಗಂಟಲು, ಎದೆ ಮತ್ತು ಕಾಲು. ಒಂದೇ ಸಿಕ್ಕಿದ್ದರೆ, ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಜಾತಿ ಖಚಿತವಿಲ್ಲದ ಸಣ್ಣ ಗಿಡುಗಕ್ಕೆಂದೇ ಇರುವ ಸಾಲನ್ನು ಆರಿಸಿ. ಅನುಭವಿಗಳ ಪಟ್ಟಿಗಳಲ್ಲೂ ಆ ಸಾಲು ಎಷ್ಟೋ ಸಲ ಕಾಣುತ್ತದೆ. ಸುಮ್ನೆ ಊಹಿಸಿ ಹೆಸರು ಹಾಕಿದರೆ ಆ ಊರಿಗೆ ವಲಸೆ ಹಕ್ಕಿ ಯಾವಾಗ ಬಂತು, ಯಾವಾಗ ಹೋಯಿತು ಎಂಬ ಲೆಕ್ಕವೇ ಹಾಳಾಗುತ್ತದೆ.

ಫೋಟೊ ಹಾಕುವಾಗ ಕತ್ತರಿಸದ ಮೂಲ ಚಿತ್ರವನ್ನೂ ಇಟ್ಟುಕೊಳ್ಳಿ. ಬಣ್ಣ, ಹೊಳಪು ಜಾಸ್ತಿ ಮಾಡಿದರೆ ಶಿಕ್ರಾದ ಕಿತ್ತಳೆ ಎದೆಗೂ ಸ್ಪ್ಯಾರೋಹಾಕ್‌ನ ಬೂದುಗೆರೆಗೂ ಇರುವ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಇ-ಬರ್ಡ್ ಪರಿಶೀಲಕರು ಇನ್ನಷ್ಟು ಚಿತ್ರ ಕೇಳಿದರೆ ಇರುವುದನ್ನೆಲ್ಲ ಕಳಿಸಿ, ಮಸುಕಾದದ್ದನ್ನೂ ಸೇರಿಸಿ. ಹೆಸರು ಬದಲಿಸಲು ಹೇಳಿದರೆ ಹೆಸರು ಬದಲಿಸಿ, ಫೋಟೊ ಅಳಿಸಬೇಡಿ. ಎಳೆಯ ಶಿಕ್ರಾದ ಚಿತ್ರ ಸರಿಯಾದ ಹೆಸರಿನಡಿ ಇದ್ದರೆ ಮುಂದೆ ಹೋಲಿಸಿ ನೋಡುವವರಿಗೆ ಅದು ಬೇಕಾಗುತ್ತದೆ.